ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಮ್ಮ ನನ್ನನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಕಳಿಸಿದರು. "ಐದು ಮಾರು ಮಲ್ಲಿಗೆ ತಗೊಂಡು ಬಾ. ಮಾರಿಗೆ ನೂರೈವತ್ತರ ಮೇಲೆ ಹೇಳಿದ್ರೆ ಬೇಡ" ಎಂದು ಕೈಗೆ ಚೀಲ ಕೊಟ್ಟರು. ಹೂವಿನ ಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರು ಇನ್ನೂರು ಅಂದವರು ಕಡೆಗೆ ನೂರೈವತ್ತಕ್ಕೆ ಒಪ್ಪಿದರು. ಅಳೆದು ಅಳೆದು ಮೂರು ಮಾರು ಬಾಳೆಎಲೆಗೆ ಸುತ್ತುವಷ್ಟರಲ್ಲಿ ಅವರ ಪುಟ್ಟಿ ಖಾಲಿಯಾಯಿತು. "ಇಷ್ಟೇ ಇರೋದು ಅಣ್ಣ." ಪಕ್ಕದ ಅಂಗಡಿಯಲ್ಲಿ ಇನ್ನೂರಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ ಎಂದರು. ಸ್ವಲ್ಪ ಹೊತ್ತು ಕಾದು, ಮೂರು ಮಾರನ್ನೇ ಹಿಡಿದು ಮನೆಗೆ ಬಂದೆ. ಅಮ್ಮ ಲೆಕ್ಕದ ಪುಸ್ತಕ ತೆಗೆದು ಬರೆದದ್ದು ಒಂದೇ ಸಾಲು: ಹೂವು, 3 ಮಾರು, 450.

ಐದು ಎನ್ನುವ ಸಂಖ್ಯೆ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಐದು ಕೇಳಿದ್ದು, ಮೂರು ಸಿಕ್ಕಿದ್ದು. ಮನೆ ಲೆಕ್ಕಕ್ಕೆ ಸಿಕ್ಕಿದ್ದಷ್ಟೇ ಸಾಕು. ಆದರೆ ನಮ್ಮ ಪರವಾಗಿ ಕಂಪ್ಯೂಟರೊಂದು ಹಗಲು ರಾತ್ರಿ ಮಾರುಕಟ್ಟೆಗೆ ಹೋಗಿಬರುತ್ತಿದ್ದರೆ, ಅದು ಕೇಳಿದ್ದನ್ನೂ ಬರೆದಿಡಬೇಕು, ಸಿಕ್ಕಿದ್ದನ್ನೂ ಬರೆದಿಡಬೇಕು, ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು. ಈ ಲೇಖನ ಅಷ್ಟರ ಬಗ್ಗೆಯೇ. ಕ್ರಿಪ್ಟೊ ನಾಣ್ಯಗಳನ್ನು ತಾನಾಗಿ ಕೊಂಡು ಮಾರುವ ತಂತ್ರಾಂಶ, ಅಂದರೆ ಎಲ್ಲರೂ 'ಬಾಟ್' ಎನ್ನುವ ವಸ್ತು, ತನ್ನೊಳಗೆ ಆರ್ಡರ್ ಮತ್ತು ಟ್ರೇಡ್ ಎಂಬ ಎರಡು ಸಂಗತಿಗಳನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದನ್ನು ಮೊದಲ ಸಲ ಓದುವವರಿಗೆ ವಿವರಿಸುವ ಪ್ರಯತ್ನ.

ಸರಸ್ವತಿಪುರಂನ ಒಂದು ಮಹಡಿ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾನು ಕೆಲವರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಹೆಚ್ಚು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬಂಡಿಪಾಳ್ಯದ ಎಪಿಎಂಸಿಯಲ್ಲಿ ಮಂಡಿ ಇರುವ ಮನೆಯ ಹುಡುಗನೊಬ್ಬನಿದ್ದಾನೆ. ನಾನು ಯಾರಿಗೂ ಕ್ರಿಪ್ಟೊದಲ್ಲಿ ದುಡ್ಡು ಹಾಕಿ ಎಂದು ಹೇಳುವುದಿಲ್ಲ. ಮೊದಲ ತರಗತಿಯಲ್ಲೇ ಇದನ್ನು ಬಿಡಿಸಿ ಹೇಳಿಬಿಡುತ್ತೇನೆ. ಬೆಲೆ ಒಂದೇ ರಾತ್ರಿಯಲ್ಲಿ ಕುಸಿಯುವ ಸರಕು ಅದು. ಆದರೂ ಈ ತಂತ್ರಾಂಶವನ್ನು ಪಾಠಕ್ಕೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದು ವ್ಯವಹಾರವನ್ನು ದತ್ತಾಂಶವಾಗಿ ಬರೆಯುವಾಗ ಎದುರಾಗುವ ಎಲ್ಲ ತೊಡಕುಗಳೂ ಇಲ್ಲಿ ಒಟ್ಟಿಗೆ ಸಿಗುತ್ತವೆ. ಜೊತೆಗೆ, ತಂತ್ರಾಂಶದ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು.

ನಾವು ಓದುವುದು ಫ್ರೀಕ್‌ಟ್ರೇಡ್ ಎಂಬ ಮುಕ್ತ ತಂತ್ರಾಂಶವನ್ನು. ಪೈಥಾನ್ ಭಾಷೆಯಲ್ಲಿ ಬರೆದದ್ದು, ಜಿಪಿಎಲ್ ಪರವಾನಗಿಯಡಿ ಸಿಗುತ್ತದೆ. ಕ್ರಿಪ್ಟೊ ನಾಣ್ಯಗಳ ಮಾರುಕಟ್ಟೆಗಳಾದ ಬೇರೆ ಬೇರೆ ಎಕ್ಸ್‌ಚೇಂಜುಗಳ ಜೊತೆ ಮಾತಾಡಲು ಅದು ಸಿಸಿಎಕ್ಸ್‌ಟಿ ಎಂಬ ಇನ್ನೊಂದು ಮುಕ್ತ ಗ್ರಂಥಾಲಯವನ್ನು ಬಳಸುತ್ತದೆ. ಪ್ರತಿ ಎಕ್ಸ್‌ಚೇಂಜಿನದೂ ಒಂದೊಂದು ಭಾಷೆ. ಸಿಸಿಎಕ್ಸ್‌ಟಿ ನಡುವೆ ದುಭಾಷಿಯ ಹಾಗೆ ಕೂತಿರುತ್ತದೆ. ತನ್ನ ಲೆಕ್ಕವನ್ನೆಲ್ಲ ಫ್ರೀಕ್‌ಟ್ರೇಡ್ ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ, ಒಂದೇ ಕಡತದಲ್ಲಿ, ಬರೆದಿಡುತ್ತದೆ. ಆ ಕಡತವನ್ನು ತೆರೆದರೆ ಎರಡು ಮುಖ್ಯ ಕೋಷ್ಟಕಗಳು ಕಾಣುತ್ತವೆ. ಒಂದರ ಹೆಸರು ಟ್ರೇಡ್ಸ್, ಇನ್ನೊಂದರ ಹೆಸರು ಆರ್ಡರ್ಸ್.

ಇಲ್ಲೇ ಹೊಸಬರ ಮೊದಲ ಪ್ರಶ್ನೆ ಏಳುತ್ತದೆ: ಎರಡು ಯಾಕೆ? ಕೊಂಡರೆ ಒಂದು ಸಾಲು, ಮಾರಿದರೆ ಒಂದು ಸಾಲು, ಮುಗಿಯಿತಲ್ಲ?

ಸಂತೇಪೇಟೆಯಂಥ ಸಗಟು ಪೇಟೆಯ ಹಳೆಯ ಲೆಕ್ಕದ ಕ್ರಮ ಗೊತ್ತಿದ್ದವರಿಗೆ ಉತ್ತರ ಸುಲಭ. ಅಂಗಡಿಯಲ್ಲಿ ಕಿರ್ದಿ ಎಂದು ಒಂದು ಪುಸ್ತಕ, ಖಾತೆ ಎಂದು ಇನ್ನೊಂದು. ದಿನದಲ್ಲಿ ಏನೇನು ನಡೆಯಿತೋ ಅದೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಹೋಗುತ್ತದೆ. ಅದೇ ಸಂಗತಿಗಳನ್ನು ಆಯಾ ಆಸಾಮಿಯ ಅಥವಾ ಸರಕಿನ ಹೆಸರಿನಡಿ ಜೋಡಿಸಿಟ್ಟದ್ದು ಖಾತೆ. ಕಿರ್ದಿ ಓದಿದರೆ ಯಾವ ದಿನ ಏನಾಯಿತು ಎಂದು ತಿಳಿಯುತ್ತದೆ. ಖಾತೆ ಓದಿದರೆ ಈ ಬಾಬ್ತು ಎಲ್ಲಿಗೆ ಬಂತು, ಚುಕ್ತಾ ಆಯಿತೇ, ಬಾಕಿ ಇದೆಯೇ ಎಂದು ತಿಳಿಯುತ್ತದೆ. ಬಾಟ್‌ನ ಆರ್ಡರ್ ಕೋಷ್ಟಕ ಕಿರ್ದಿಯ ಜಾತಿಯದು, ಟ್ರೇಡ್ ಕೋಷ್ಟಕ ಖಾತೆಯ ಜಾತಿಯದು. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ನಮ್ಮ ಕಿರ್ದಿಯಲ್ಲಿ ನಡೆಯದೇ ಹೋದ ವ್ಯವಹಾರವನ್ನು ಯಾರೂ ಬರೆಯುತ್ತಿರಲಿಲ್ಲ. ಬಾಟ್ ಬರೆಯುತ್ತದೆ.

ಆರ್ಡರ್ ಎಂದರೆ ಎಕ್ಸ್‌ಚೇಂಜಿಗೆ ಕಳಿಸಿದ ಒಂದು ಬೇಡಿಕೆ ಚೀಟಿ, ಅಷ್ಟೇ. ಇಂಥ ಜೋಡಿ, ಕೊಳ್ಳುವುದೋ ಮಾರುವುದೋ, ಎಷ್ಟು, ಯಾವ ದರಕ್ಕೆ. 'ಎಷ್ಟಾದರೂ ಸರಿ, ಈಗಲೇ ಕೊಡಿ' ಎಂದರೆ ಮಾರ್ಕೆಟ್ ಆರ್ಡರ್. ನಮ್ಮಮ್ಮ ಹೇಳಿದ ಹಾಗೆ 'ಇದರ ಮೇಲೆ ಬೇಡ' ಎಂದರೆ ಲಿಮಿಟ್ ಆರ್ಡರ್. ದರ ಇಂಥ ಮಟ್ಟಕ್ಕೆ ಇಳಿದರೆ ಮಾತ್ರ ಎಚ್ಚತ್ತು ಮಾರು ಎಂದರೆ ಸ್ಟಾಪ್ ಆರ್ಡರ್. ನಷ್ಟಕ್ಕೆ ಒಂದು ಕಟ್ಟೆ ಹಾಕಲು ಅದು. ಚೀಟಿ ಕಳಿಸಿದ ಕೂಡಲೇ ಎಕ್ಸ್‌ಚೇಂಜ್ ಅದಕ್ಕೊಂದು ಗುರುತು ಸಂಖ್ಯೆ ಕೊಡುತ್ತದೆ. ಆಮೇಲೆ ಅದರ ಗತಿ ಏನಾಯಿತು ಎಂದು ಕೇಳಬೇಕಾದರೆ ಆ ಸಂಖ್ಯೆಯೇ ಗತಿ.

ಚೀಟಿಯ ಸಾಲಿನಲ್ಲಿ ನಾನು ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಮೂರು ಅಂಕಣಗಳನ್ನು: ಅಮೌಂಟ್, ಫಿಲ್ಡ್, ರಿಮೇನಿಂಗ್. ಕೇಳಿದ್ದು, ಸಿಕ್ಕಿದ್ದು, ಬಾಕಿ. ನನ್ನ ಮಲ್ಲಿಗೆಯಲ್ಲಿ ಐದು, ಮೂರು, ಎರಡು. ಅದರ ಪಕ್ಕದಲ್ಲೇ ಪ್ರೈಸ್ ಮತ್ತು ಆವರೇಜ್ ಎಂಬ ಎರಡು ಅಂಕಣ. ಮೊದಲನೆಯದು ನಾವು ಕೂಗಿದ ದರ. ಎರಡನೆಯದು ನಿಜವಾಗಿ ಬಿದ್ದ ದರದ ಸರಾಸರಿ. ಒಂದೇ ಆರ್ಡರಿಗೆ ನಾಲ್ಕು ಜನ ಮಾರುವವರು ನಾಲ್ಕು ದರದಲ್ಲಿ ಸ್ವಲ್ಪ ಸ್ವಲ್ಪ ಕೊಡಬಹುದಾದ್ದರಿಂದ ಸರಾಸರಿ ಬೇಕಾಗುತ್ತದೆ. ಹೀಗೆ ಬಿಡಿಬಿಡಿಯಾಗಿ ಸಿಗುವ ಒಂದೊಂದು ತುಣುಕಿಗೂ ಫಿಲ್ ಎನ್ನುತ್ತಾರೆ.

ಇನ್ನು ಒಂದು ಎಡವಟ್ಟು ಇದೆ. ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆಯುತ್ತೇನೆ. ಎಕ್ಸ್‌ಚೇಂಜಿನವರು 'ಟ್ರೇಡ್' ಎನ್ನುವುದು ಈ ಒಂದೊಂದು ತುಣುಕಿಗೆ. ಕೊಳ್ಳುವ ಒಬ್ಬನೂ ಮಾರುವ ಒಬ್ಬನೂ ಹೊಂದಿಕೊಂಡರೆ ಅವರ ಲೆಕ್ಕಕ್ಕೆ ಒಂದು ಟ್ರೇಡ್ ಆಯಿತು. ಸಿಸಿಎಕ್ಸ್‌ಟಿಯಲ್ಲಿ 'ನನ್ನ ಟ್ರೇಡ್‌ಗಳನ್ನು ಕೊಡು' ಎಂದು ಕೇಳಿದರೂ ಬರುವುದು ಈ ತುಣುಕುಗಳೇ. ಫ್ರೀಕ್‌ಟ್ರೇಡಿನಲ್ಲಿ ಮಾತ್ರ ಟ್ರೇಡ್ ಎಂದರೆ ಕೊಂಡಲ್ಲಿಂದ ಮಾರಿ ಮುಗಿಸುವ ತನಕದ ಇಡೀ ಪ್ರಯಾಣ. ಒಂದೇ ಪದ, ಎರಡು ಅರ್ಥ. ಹೀಗಾಗಿ ನಮ್ಮ ಬಳಿ ಇರುವುದು ಎರಡಲ್ಲ, ಮೂರು ಅಂತಸ್ತು: ತಳದಲ್ಲಿ ಫಿಲ್‌ಗಳು, ಅವು ಕೂಡಿ ಒಂದು ಆರ್ಡರ್, ಆರ್ಡರುಗಳು ಕೂಡಿ ಒಂದು ಟ್ರೇಡ್. ದಾಖಲೆ ಓದುವಾಗ ಯಾವ ಅಂತಸ್ತಿನಲ್ಲಿ ನಿಂತಿದ್ದೇವೆ ಎಂದು ಪ್ರತಿ ಸಲ ಕೇಳಿಕೊಳ್ಳಬೇಕು.

ಬಂಡಿಪಾಳ್ಯದ ಹುಡುಗ ಇದನ್ನು ಎಲ್ಲರಿಗಿಂತ ಬೇಗ ಹಿಡಿದ. "ಸರ್, ನಮ್ಮಲ್ಲಿ ಲಾಟ್ ನಂಬರ್ ಬೇರೆ, ಬಿಡ್ ಬೇರೆ ಅಲ್ವಾ, ಹಾಗೇನಾ?" ಎಂದ. ಹೌದು, ಹಾಗೆಯೇ. ಕರ್ನಾಟಕದ ಎಪಿಎಂಸಿಗಳಿಗೆ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಆನ್‌ಲೈನ್ ಹರಾಜು ಬಂತು. ರೈತ ತಂದ ಸರಕಿಗೆ ಒಂದು ಲಾಟ್ ಸಂಖ್ಯೆ. ಅದೇ ಲಾಟ್‌ಗೆ ಹಲವು ವರ್ತಕರು ತಮ್ಮ ತಮ್ಮ ದರ ಹಾಕುತ್ತಾರೆ. ಎಲ್ಲಕ್ಕಿಂತ ಹೆಚ್ಚು ಹಾಕಿದವನ ಬಿಡ್ ಮೇಲೆ ಬರುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಲೂಬಹುದು. ಹತ್ತು ಬಿಡ್ ಬಿದ್ದರೂ ಲಾಟ್ ಒಂದೇ. ಬಿಡ್ ಬಿದ್ದಿತೆಂದ ಮಾತ್ರಕ್ಕೆ ಸರಕು ಮಾರಾಟವಾಗಿಲ್ಲ. ಬಿಡ್ ಮತ್ತು ಮಾರಾಟವನ್ನು ಒಂದೇ ಸಾಲಿನಲ್ಲಿ ಬರೆದಿದ್ದರೆ ಆ ವ್ಯವಸ್ಥೆ ಒಂದು ದಿನವೂ ನಡೆಯುತ್ತಿರಲಿಲ್ಲ. ಆ ಹುಡುಗನಿಗೆ ಈ ಪಾಠ ಮನೆಯ ಮಾತು.

ಈಗ ಒಂದು ಟ್ರೇಡನ್ನು ಹತ್ತಿರದಿಂದ ನೋಡೋಣ. ಲೆಕ್ಕಕ್ಕೆ ಸುಲಭವಾಗಲೆಂದು ನಾನೇ ಸಂಖ್ಯೆಗಳನ್ನು ಇಟ್ಟಿದ್ದೇನೆ. ಕಾಗದ ಪೆನ್ನು ತಗೊಳ್ಳಿ.

ಜೋಡಿ ಈಥರ್ ಮತ್ತು ಯುಎಸ್‌ಡಿಟಿ. ಅಂದರೆ ಕೊಳ್ಳುವ ಸರಕು ಈಥರ್, ಕೊಡುವ ಹಣ ಯುಎಸ್‌ಡಿಟಿ ಎಂಬ ಡಾಲರಿಗೆ ಕಟ್ಟಿದ ನಾಣ್ಯ. ಬಾಟ್ 0.5 ಈಥರ್ ಬೇಕೆಂದು 2,000ದ ಲಿಮಿಟ್ ಆರ್ಡರ್ ಕಳಿಸಿತು. ಹತ್ತು ನಿಮಿಷ ಕಾಯಲು ಅದಕ್ಕೆ ಹೇಳಿದ್ದೇವೆ. ಆ ಹತ್ತು ನಿಮಿಷದಲ್ಲಿ ಸಿಕ್ಕಿದ್ದು 0.3 ಮಾತ್ರ, ಬೆಲೆ ಮೇಲೆ ಹೋಯಿತು. ಬಾಟ್ ಉಳಿದ 0.2ನ್ನು ರದ್ದು ಮಾಡಿತು. ಈಗ ಆರ್ಡರ್ ಕೋಷ್ಟಕದಲ್ಲಿ ಈ ಸಾಲಿನ ಸ್ಥಿತಿ 'ಕ್ಯಾನ್ಸಲ್ಡ್'. ಹೊಸಬರು ಇದನ್ನು ನೋಡಿ ಏನೂ ಆಗಲಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಫಿಲ್ಡ್ ಅಂಕಣದಲ್ಲಿ 0.3 ಕೂತಿದೆ. ರದ್ದಾದದ್ದು ಬಾಕಿ ಮಾತ್ರ. 600 ಯುಎಸ್‌ಡಿಟಿ ಕೈಬಿಟ್ಟಿದೆ, 0.3 ಈಥರ್ ಕೈಗೆ ಬಂದಿದೆ, ಟ್ರೇಡ್ ಶುರುವಾಗಿದೆ. ಒಂದು ವೇಳೆ ಒಂದಿಷ್ಟೂ ಸಿಗದೆ ರದ್ದಾಗಿದ್ದರೆ, ಅದೊಂದೇ ಆರ್ಡರ್ ಇದ್ದ ಆ ಟ್ರೇಡ್ ಸಾಲನ್ನೇ ಫ್ರೀಕ್‌ಟ್ರೇಡ್ ಅಳಿಸಿಬಿಡುತ್ತದೆ. ಹೋಗದ ಊರಿಗೆ ದಾರಿ ಖರ್ಚು ಬರೆಯುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬೆಲೆ 1,900ಕ್ಕೆ ಇಳಿಯಿತು. ಬಾಟ್‌ಗೆ ಇನ್ನಷ್ಟು ಸೇರಿಸಲು ನಾವು ಅನುಮತಿ ಕೊಟ್ಟಿದ್ದೆವು, ಅದು 0.2 ಈಥರ್ ಕೊಂಡಿತು, ಪೂರ್ತಿ ಸಿಕ್ಕಿತು, 380 ಖರ್ಚು. ಈಗ ಒಂದೇ ಟ್ರೇಡ್ ಅಡಿಯಲ್ಲಿ ಎರಡು ಕೊಳ್ಳುವ ಆರ್ಡರುಗಳಿವೆ. ಪ್ರತಿ ಆರ್ಡರ್ ಸಾಲಿನಲ್ಲೂ ತಾನು ಯಾವ ಟ್ರೇಡಿಗೆ ಸೇರಿದ್ದು ಎಂಬ ಸಂಖ್ಯೆ ಇರುತ್ತದೆ, ಮನೆ ಮಕ್ಕಳ ಹೆಸರಿನ ಮುಂದೆ ಮನೆತನದ ಹೆಸರು ಇದ್ದ ಹಾಗೆ. ಟ್ರೇಡ್ ಸಾಲಿನ ಓಪನ್ ರೇಟ್ ಈಗ ಎಷ್ಟು? ತರಗತಿಯಲ್ಲಿ ಕೇಳಿದಾಗ ಅರ್ಧ ಜನ 1,950 ಎಂದರು, ಎರಡು ದರ ಕೂಡಿಸಿ ಎರಡರಿಂದ ಭಾಗಿಸಿ. ಬ್ಯಾಂಕಿನ ಹಿರಿಯರು ತಲೆಯಾಡಿಸಿದರು. ಒಟ್ಟು ಖರ್ಚು 980, ಒಟ್ಟು ಸರಕು 0.5, ಭಾಗಿಸಿದರೆ 1,960. ಹೆಚ್ಚು ಕೊಂಡದ್ದು ಹೆಚ್ಚು ದರದಲ್ಲಿ, ಆದ್ದರಿಂದ ಸರಾಸರಿ ಆ ಕಡೆಗೆ ವಾಲುತ್ತದೆ. ತೂಕ ನೋಡದ ಸರಾಸರಿ ಸರಾಸರಿಯಲ್ಲ ಎಂದು ಅವರು ಪಕ್ಕದ ಹುಡುಗಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಇನ್ನೊಂದು ಪ್ರಶ್ನೆ. ನಷ್ಟದ ಕಟ್ಟೆಯನ್ನು ಹತ್ತು ಪ್ರತಿಶತಕ್ಕೆ ಇಟ್ಟಿದ್ದೆವು. ಬೆಲೆ ಎಷ್ಟಕ್ಕೆ ಇಳಿದರೆ ಬಾಟ್ ಮಾರಿ ಹೊರಬರುತ್ತದೆ? 1,960ರಲ್ಲಿ ಹತ್ತು ಪ್ರತಿಶತ ಕಳೆದು 1,764 ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಫ್ರೀಕ್‌ಟ್ರೇಡ್ ಹಾಗೆ ಮಾಡುವುದಿಲ್ಲ. ಅದು ಸ್ಟಾಪ್‌ಲಾಸನ್ನು ಎಣಿಸುವುದು ಮೊದಲು ಕೊಂಡ ದರದಿಂದ, ಸರಾಸರಿಯಿಂದಲ್ಲ. ಹಾಗಾಗಿ ಉತ್ತರ 1,800. ತಂತ್ರಾಂಶದ ಕೈಪಿಡಿಯಲ್ಲೇ ಇದನ್ನು ಎಚ್ಚರಿಕೆಯಾಗಿ ಬರೆದಿದ್ದಾರೆ. ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಬೆಲೆ ಇಳಿದ ಹಾಗೆಲ್ಲ ಇನ್ನಷ್ಟು ಕೊಂಡು, ಅದರ ನೆಪದಲ್ಲಿ ಕಟ್ಟೆಯನ್ನೂ ಕೆಳಗೆ ತಳ್ಳುತ್ತಾ ಹೋದರೆ ಕಟ್ಟೆಗೆ ಅರ್ಥವೇ ಉಳಿಯುವುದಿಲ್ಲ. ಆದರೆ ನನ್ನ ಅನಿಸಿಕೆ ಇಲ್ಲಿ ಮುಖ್ಯವಲ್ಲ; ಒಂದು ಅಂಕಣದ ಹಿಂದೆ ಯಾವ ನಿಯಮ ಇದೆ ಎಂದು ಓದಿ ತಿಳಿಯದೆ ಊಹಿಸಬಾರದು, ಅದು ಮುಖ್ಯ.

ಕಡೆಗೆ ಬೆಲೆ 2,100 ಮುಟ್ಟಿದಾಗ ಬಾಟ್ 0.5 ಈಥರನ್ನೂ ಮಾರಿತು. ಬಂದದ್ದು 1,050. ಲಾಭ 70 ಎಂದು ಬರೆಯುವ ಮುಂಚೆ ನಿಲ್ಲಿ. ಎಕ್ಸ್‌ಚೇಂಜಿನ ಕಮಿಷನ್ ಕೊಳ್ಳುವಾಗಲೂ ಇದೆ, ಮಾರುವಾಗಲೂ ಇದೆ; ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ಕೊಳ್ಳುವಾಗ 0.98, ಮಾರುವಾಗ 1.05. ಕೊಟ್ಟದ್ದು ಒಟ್ಟು 980.98, ಕೈಗೆ ಬಂದದ್ದು 1,048.95, ಉಳಿದದ್ದು 67.97. ಪ್ರತಿಶತ ಲೆಕ್ಕದಲ್ಲಿ ಸುಮಾರು 6.93. ಟ್ರೇಡ್ ಸಾಲಿನಲ್ಲಿ ಈಗ ಓಪನ್ ಎಂಬ ಗುರುತು ಆರಿತು, ಕ್ಲೋಸ್ ರೇಟ್ ಎಂಬಲ್ಲಿ 2,100 ಬಂತು, ಯಾಕೆ ಹೊರಬಂದೆ ಎನ್ನುವುದಕ್ಕೆ ಒಂದು ಕಾರಣವೂ ದಾಖಲಾಯಿತು. ಲಾಭದ ಗುರಿ ಮುಟ್ಟಿತೋ, ಕಟ್ಟೆ ಒಡೆಯಿತೋ, ನಾವೇ ಕೈಯಾರೆ ಮಾರಿದೆವೋ ಎನ್ನುವ ಈ ಅಂಕಣ ನನಗೆ ಎಲ್ಲಕ್ಕಿಂತ ಇಷ್ಟ. ಆರು ತಿಂಗಳ ಮೇಲೆ ತಿರುಗಿ ನೋಡಿದರೆ ಸಂಖ್ಯೆಗಳು ಮರೆತಿರುತ್ತವೆ. ಯಾಕೆ ಮಾಡಿದೆ ಎನ್ನುವುದು ಮಾತ್ರ ಬರೆದಿಡದಿದ್ದರೆ ಮತ್ತೆಲ್ಲೂ ಸಿಗುವುದಿಲ್ಲ.

'ಕ್ಲೋಸ್ಡ್' ಎಂಬ ಪದದ ಬಗ್ಗೆಯೂ ಒಂದು ಮಾತು. ಆರ್ಡರ್ ಕ್ಲೋಸ್ಡ್ ಎಂದರೆ ಕೇಳಿದ್ದು ಪೂರ್ತಿ ಸಿಕ್ಕಿತು. ಟ್ರೇಡ್ ಕ್ಲೋಸ್ಡ್ ಎಂದರೆ ಕೊಂಡದ್ದನ್ನು ಮಾರಿ ಬಾಬ್ತು ಚುಕ್ತಾ ಆಯಿತು. ಮೇಲಿನ ಎರಡನೇ ಕೊಳ್ಳುವ ಆರ್ಡರ್ ಕ್ಲೋಸ್ಡ್ ಆದ ಗಳಿಗೆಯಲ್ಲೂ ಟ್ರೇಡ್ ಓಪನ್ ಆಗಿಯೇ ಇತ್ತು. ನನ್ನ ತರಗತಿಯಲ್ಲಿ ಬರೆದ ಮೊದಲ ಪ್ರೋಗ್ರಾಮುಗಳಲ್ಲಿ ಕಾಲು ಭಾಗ ಇದೊಂದರಲ್ಲೇ ತಪ್ಪಿದ್ದವು.

ಕಮಿಷನ್ ಯಾವ ನಾಣ್ಯದಲ್ಲಿ ಕಡಿತವಾಗುತ್ತದೆ ಎನ್ನುವುದೂ ಸಣ್ಣ ವಿಷಯವಲ್ಲ. ಎಷ್ಟೋ ಕಡೆ ಅದನ್ನು ಕೊಂಡ ಸರಕಿನಲ್ಲೇ ಮುರಿದುಕೊಳ್ಳುತ್ತಾರೆ. ಆಗ 0.5 ಈಥರ್ ಕೊಂಡರೂ ಖಾತೆಗೆ ಬೀಳುವುದು 0.4995. ಬಾಟ್‌ನ ಪುಸ್ತಕದಲ್ಲಿ 0.5 ಎಂದೇ ಉಳಿದುಬಿಟ್ಟಿದ್ದರೆ, ಮಾರುವ ದಿನ 0.5 ಮಾರು ಎಂದು ಕೇಳುತ್ತದೆ, ಎಕ್ಸ್‌ಚೇಂಜ್ ಅಷ್ಟು ಇಲ್ಲ ಎನ್ನುತ್ತದೆ, ಬೆಲೆ ಬೀಳುತ್ತಿರುವಾಗ ಸರಕು ಕೈಯಲ್ಲೇ ಉಳಿಯುತ್ತದೆ. ಅದಕ್ಕೇ ಒಳ್ಳೆಯ ತಂತ್ರಾಂಶ ಫೀ ಯಾವ ನಾಣ್ಯದಲ್ಲಿ ಹೋಯಿತು ಎಂದು ಬೇರೆ ಅಂಕಣದಲ್ಲಿ ಬರೆದುಕೊಂಡು ಟ್ರೇಡಿನ ಮೊತ್ತವನ್ನು ತಿದ್ದಿಕೊಳ್ಳುತ್ತದೆ.

ಈ ದಶಾಂಶಗಳ ಕಥೆ ಇನ್ನೂ ಇದೆ. ಪೈಥಾನ್ ತೆರೆದು 0.1 ಮತ್ತು 0.2 ಕೂಡಿಸಿ ನೋಡಿ. 0.3 ಬರುವುದಿಲ್ಲ, 0.30000000000000004 ಬರುತ್ತದೆ. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಲೆಕ್ಕದಲ್ಲಿ ಇಡುವುದರಿಂದ ಹತ್ತನೇ ಒಂದು ಎನ್ನುವುದು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ತರಗತಿಯಲ್ಲಿ ಇದನ್ನು ಮೊದಲ ಸಲ ಕಂಡವರ ಮುಖ ನೋಡಬೇಕು. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ. ಈಥರ್ ಅಂತೂ ದಶಾಂಶದ ನಂತರ ಹದಿನೆಂಟು ಸ್ಥಾನದವರೆಗೆ ಒಡೆಯುತ್ತದೆ. ಇಂಥ ಸರಕಿನ ಲೆಕ್ಕದಲ್ಲಿ ಆ ಕೊನೆಯ 4 ಕೂಡ ತೊಂದರೆ ಕೊಡುತ್ತದೆ, ಯಾಕೆಂದರೆ ಇರುವುದಕ್ಕಿಂತ ಎಳ್ಳಷ್ಟು ಹೆಚ್ಚು ಮಾರಲು ಹೋದರೂ ಆರ್ಡರ್ ತಿರಸ್ಕಾರವಾಗುತ್ತದೆ. ಹಾಗಾಗಿ ಕೂಡುವಾಗ ನಿಖರ ಲೆಕ್ಕದ ವಿಧಾನ ಬಳಸಿ, ಕಳಿಸುವಾಗ ಎಕ್ಸ್‌ಚೇಂಜ್ ಒಪ್ಪುವ ಸ್ಥಾನಕ್ಕೆ ಕತ್ತರಿಸಿ. ಮೇಲಕ್ಕೆ ದುಂಡಾಗಿಸಬೇಡಿ, ಕೆಳಕ್ಕೇ ಕತ್ತರಿಸಿ.

ಈಗ ನನಗೇ ಆದ ಒಂದು ಪ್ರಸಂಗ. ಫ್ರೀಕ್‌ಟ್ರೇಡ್ ಓದುವ ಮುಂಚೆ ನಾನೇ ಒಂದು ಪುಟ್ಟ ಬಾಟ್ ಬರೆದಿದ್ದೆ. ಆರ್ಡರ್ ಕಳಿಸು, ಉತ್ತರ ಬಂದ ಮೇಲೆ ಪುಸ್ತಕದಲ್ಲಿ ಬರಿ. ಇಷ್ಟೇ ಅದರ ಕ್ರಮ. ಮಳೆಗಾಲದ ಒಂದು ಸಂಜೆ ಗುಡುಗು ಶುರುವಾಗಿ ಬೀದಿಗೆ ಬೀದಿಯೇ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ರೌಟರ್ ಮಾತ್ರ ಆರಿತು. ಸರಿಯಾಗಿ ಆ ಗಳಿಗೆಯಲ್ಲೇ ಆರ್ಡರ್ ಹೊರಟಿತ್ತು. ಅದರ ಉತ್ತರ ಬರಲಿಲ್ಲ. ಅರ್ಧ ಗಂಟೆಯ ಮೇಲೆ ಕರೆಂಟ್ ಬಂತು. ಬಾಟ್ ತನ್ನ ಪುಸ್ತಕ ನೋಡಿಕೊಂಡಿತು, ಅಲ್ಲಿ ಏನೂ ಇರಲಿಲ್ಲ, ಮತ್ತೆ ಕೊಂಡಿತು. ಬೆಳಿಗ್ಗೆ ನೋಡಿದರೆ ಒಂದರ ಬದಲು ಎರಡು ಪಾಲು ಸರಕು, ಪುಸ್ತಕದಲ್ಲಿ ಒಂದೇ ಸಾಲು. ಮೊತ್ತ ಸಣ್ಣದಿತ್ತು. ಆದರೂ ಆ ದಿನ ಪೂರ್ತಿ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ, ಯಾಕೆಂದರೆ ತಪ್ಪು ಎಲ್ಲಿದೆ ಎಂದು ನನ್ನ ಸ್ವಂತ ದಾಖಲೆಯಿಂದ ತಿಳಿಯುವ ಹಾಗೇ ಇರಲಿಲ್ಲ.

ಅದಕ್ಕೆ ಮದ್ದು ಎರಡು ಹೆಜ್ಜೆಯದು. ಕಳಿಸುವ ಮುಂಚೆಯೇ ಬರೆಯಬೇಕು, ನಾವೇ ಕೊಟ್ಟ ಒಂದು ಸಂಖ್ಯೆಯ ಜೊತೆ. ಬಹಳಷ್ಟು ಎಕ್ಸ್‌ಚೇಂಜುಗಳು ಕಳಿಸುವವರು ಕೊಡುವ ಇಂಥ ಗುರುತನ್ನು ಸ್ವೀಕರಿಸುತ್ತವೆ. ಅದಕ್ಕೆ ಕ್ಲೈಂಟ್ ಆರ್ಡರ್ ಐಡಿ ಎನ್ನುತ್ತಾರೆ. ಆಮೇಲೆ, ಬಾಟ್ ನಿಂತು ಮತ್ತೆ ಎದ್ದ ಪ್ರತಿ ಸಲವೂ ತನ್ನ ಪುಸ್ತಕವನ್ನು ನಂಬಿ ಹೊರಡಬಾರದು. ಮೊದಲು ಎಕ್ಸ್‌ಚೇಂಜಿಗೆ ಹೋಗಿ 'ಈ ಸಂಖ್ಯೆಯ ಚೀಟಿ ನಿಮ್ಮಲ್ಲಿಗೆ ಬಂತೇ, ಏನಾಯಿತು' ಎಂದು ಕೇಳಿ, ತಾಳೆ ನೋಡಿ, ಆಮೇಲೆ ಕೆಲಸಕ್ಕೆ ಇಳಿಯಬೇಕು. ಸರಕು ಇರುವುದು ಅಲ್ಲಿ, ನಮ್ಮಲ್ಲಿರುವುದು ಅದರ ನಕಲು. ಪಾಸ್‌ಬುಕ್ ತುಂಬಿಸಿಕೊಂಡು ಬಂದು ಮನೆಯ ಲೆಕ್ಕದ ಜೊತೆ ತಾಳೆ ನೋಡುವ ನಮ್ಮ ಬ್ಯಾಂಕಿನ ಹಿರಿಯರಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಗಡಿಯಾರದ ವಿಷಯಕ್ಕೆ ಬರೋಣ, ಇದು ನಮ್ಮ ದೇಶದವರಿಗೆ ವಿಶೇಷವಾಗಿ ಬೇಕಾದದ್ದು. ಇಂಥ ತಂತ್ರಾಂಶಗಳು ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆದಿಡುತ್ತವೆ. ಮೈಸೂರಿನ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಗೆ ನಮ್ಮ ಬಾಟ್ ಏನನ್ನಾದರೂ ಮಾರಿದರೆ ಪುಸ್ತಕದಲ್ಲಿ ಬೀಳುವುದು ಮಾರ್ಚ್ 31, ರಾತ್ರಿ 8:30. ದಿನಾಂಕ ಮಾತ್ರವಲ್ಲ, ಹಣಕಾಸು ವರ್ಷವೇ ಬದಲಾಯಿತು. ಯುಟಿಸಿಯಲ್ಲಿ ಇಡುವುದೇ ಸರಿ, ಅದನ್ನು ಮುಟ್ಟಬೇಡಿ. ತೆರಿಗೆಗೆ ಪಟ್ಟಿ ತೆಗೆಯುವಾಗ ಮಾತ್ರ ನಮ್ಮ ಸಮಯಕ್ಕೆ ತಿರುಗಿಸಿಕೊಂಡು ವರ್ಷ ವಿಂಗಡಿಸಿ.

ತೆರಿಗೆ ಎಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ 30 ಪ್ರತಿಶತ ತೆರಿಗೆ ಬಂತು, ಆ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ 1 ಪ್ರತಿಶತ ಟಿಡಿಎಸ್. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಅದರ ಇನ್ನೊಂದು ಕಟ್ಟಳೆ: ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಒಂದು ಟ್ರೇಡಿನಲ್ಲಿ 10,000 ರೂಪಾಯಿ ಲಾಭ, ಇನ್ನೊಂದರಲ್ಲಿ 10,000 ನಷ್ಟ ಆದರೆ ಬಾಟ್ ತೋರಿಸುವ ಒಟ್ಟು ಸೊನ್ನೆ. ತೆರಿಗೆ ಮಾತ್ರ 3,000, ಮೇಲೆ ಸೆಸ್. ಕೊಂಡ ಬೆಲೆಯ ಹೊರತು ಬೇರೆ ಖರ್ಚುಗಳನ್ನೂ ಕಾನೂನು ಕಳೆಯಗೊಡುವುದಿಲ್ಲ. ಹಾಗಾಗಿ ಕಮಿಷನ್ ಕಳೆದು ಬಾಟ್ ಬರೆದ 67.97 ಮತ್ತು ಆಡಿಟರ್ ಕೇಳುವ ಸಂಖ್ಯೆ ಒಂದೇ ಆಗಿರಬೇಕಿಲ್ಲ. ತಿಂಗಳ ಕೊನೆಯ ಒಟ್ಟು ಮೊತ್ತ ಸಾಕು, ಬಿಡಿ ಸಾಲುಗಳು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಮೊತ್ತವನ್ನು ಸಾಲುಗಳಿಂದ ಯಾವಾಗ ಬೇಕಾದರೂ ಕಟ್ಟಬಹುದು. ಮೊತ್ತದಿಂದ ಸಾಲುಗಳನ್ನು ಕಟ್ಟಲಾಗುವುದಿಲ್ಲ.

ಕಲಿಯುವವರು ದುಡ್ಡಿಲ್ಲದೆ ಇದನ್ನೆಲ್ಲ ನೋಡಬಹುದು. ಫ್ರೀಕ್‌ಟ್ರೇಡಿನಲ್ಲಿ ಡ್ರೈ ರನ್ ಎಂಬ ಅಭ್ಯಾಸದ ಓಟವಿದೆ. ನಿಜವಾದ ಬೆಲೆಗಳನ್ನೇ ನೋಡುತ್ತದೆ, ಆರ್ಡರುಗಳನ್ನು ಮಾತ್ರ ತನ್ನೊಳಗೇ ಕಲ್ಪಿಸಿಕೊಂಡು ಬೇರೆಯದೇ ಡೇಟಾಬೇಸ್ ಕಡತದಲ್ಲಿ ಬರೆಯುತ್ತದೆ. ನನ್ನ ವಿದ್ಯಾರ್ಥಿಗಳೆಲ್ಲ ಅದರಲ್ಲೇ ಇರುವುದು. ಅಲ್ಲಿ ಒಂದು ಕೊರತೆ ಮಾತ್ರ ಗೊತ್ತಿರಲಿ: ಬೆಲೆ ನಾವು ಹೇಳಿದ ದರ ಮುಟ್ಟಿದರೆ ಲಿಮಿಟ್ ಆರ್ಡರ್ ಪೂರ್ತಿ ಸಿಕ್ಕಿತೆಂದೇ ಅದು ಭಾವಿಸುತ್ತದೆ. ಐದು ಕೇಳಿದರೆ ಐದೂ ಸಿಗುವ ಮಾರುಕಟ್ಟೆ ಅದು. ಹಬ್ಬದ ಹಿಂದಿನ ದಿನದ ದೇವರಾಜ ಮಾರುಕಟ್ಟೆಯಲ್ಲ.

ಅದಕ್ಕೇ ಮೂರು ಮಾರು ಹೂವಿನ ಕಥೆಯನ್ನು ನಾನು ಒಂದು ಹಾಳೆಯಲ್ಲಿ ಮುದ್ರಿಸಿ ಹಂಚಿದೆ. ಎರಡು ಖಾಲಿ ಕೋಷ್ಟಕ, ಅಂಕಣಗಳ ಹೆಸರು ಮಾತ್ರ. ಕಳೆದ ಭಾನುವಾರ ಎಲ್ಲರೂ ತುಂಬಿದರು. ಆರ್ಡರ್ ಸಾಲಿನಲ್ಲಿ ಬೈ, ಲಿಮಿಟ್, 150, ಅಮೌಂಟ್ 5, ಫಿಲ್ಡ್ 3, ರಿಮೇನಿಂಗ್ 2, ಕ್ಯಾನ್ಸಲ್ಡ್. ಟ್ರೇಡ್ ಸಾಲಿನಲ್ಲಿ 3, 450, ಓಪನ್ ರೇಟ್ 150. ಬಂಡಿಪಾಳ್ಯದ ಹುಡುಗ ತನ್ನ ಹಾಳೆಯನ್ನು ಎತ್ತಿ ಹಿಡಿದು ಕೇಳಿದ, "ಸರ್, ಪಕ್ಕದ ಅಂಗಡೀಲಿ ಇನ್ನೂರು ಅಂದ್ರಲ್ಲ, ಅದನ್ನ ಎಲ್ಲಿ ಬರೀಲಿ?" ಅದು ಎಲ್ಲೂ ಬರುವುದಿಲ್ಲ, ನಾವು ಅವರಿಗೆ ಚೀಟಿ ಕೊಟ್ಟಿರಲಿಲ್ಲ ಎಂದೆ. ಅವನು ಒಂದು ಗಳಿಗೆ ಯೋಚಿಸಿ, ಅದಕ್ಕೆಂದು ಶುರುಮಾಡಿದ್ದ ಎರಡನೇ ಸಾಲನ್ನು ಹೊಡೆದುಹಾಕಿದ.